ದೂರದೇಶದ ಕಾರ್ಡು ತುಮಕೂರಿನ ಮನೆಗೆ ಬರಬೇಕಾದರೆ

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪೋಸ್ಟ್‌ಕಾರ್ಡಿಗೆ ಅಂಟಿದ ಸ್ಟಾಂಪನ್ನು ಕೀಳಬೇಡಿ. ಕತ್ತರಿ ಹಾಕಬೇಡಿ. ನೀರಿಗಂತೂ ಹಾಕಲೇಬೇಡಿ.

ನನ್ನ ಸೋದರಮಾವ ಹಡಗಿನಲ್ಲಿ ಕೆಲಸ ಮಾಡುತ್ತಿದ್ದರು. ಯೊಕೊಹಾಮಾ, ರಾಟರ್‌ಡ್ಯಾಮ್, ಸಿಂಗಪುರ, ಹೀಗೆ ಹಡಗು ನಿಂತ ಬಂದರಿನಿಂದೆಲ್ಲ ಅಮ್ಮನಿಗೆ ಒಂದೊಂದು ಕಾರ್ಡು ಹಾಕುತ್ತಿದ್ದರು. ಆಗ ನನಗೆ ಹತ್ತು ವರ್ಷ. ಕಾರ್ಡು ಬಂದ ದಿನವೇ ಸ್ಟಾಂಪಿನ ಮೂಲೆ ಕತ್ತರಿಸಿ, ಅನ್ನದ ಅಗುಳು ಹಚ್ಚಿ ನೋಟ್‌ಬುಕ್ಕಿಗೆ ಅಂಟಿಸಿಬಿಡುತ್ತಿದ್ದೆ. ಮಿಕ್ಕ ಕಾರ್ಡು ಒಲೆಗೆ ಹೋಯಿತೋ ರದ್ದಿಗೆ ಹೋಯಿತೋ. ಮಾವ ಈಗ ಇಲ್ಲ. ಸ್ಟಾಂಪುಗಳು ಇವೆ. ಅಂಥ ಸ್ಟಾಂಪು ಪೊಟ್ಟಣ ಕಟ್ಟಿ ಮಾರುವವರ ಹತ್ತಿರ ಬೇಕಾದಷ್ಟು ಸಿಗುತ್ತವೆ. ಮಾವನ ಕೈಬರಹ ಎಲ್ಲಿ ಸಿಗಬೇಕು? ಒಂದು ಸ್ಟಾಂಪಿನ ಜೊತೆ ಮಾತ್ರ ಪಕ್ಕದ ಕಾಗದವೂ ಒಂದಿಷ್ಟು ಕತ್ತರಿಸಿ ಬಂದಿತ್ತು. ಅದರಲ್ಲಿ ‘ಮಳೆ ಜಾಸ್ತಿ’ ಅಂತ ಎರಡು ಪದ ಇದೆ. ಯಾವ ಊರಲ್ಲಿ ಮಳೆ, ಮುಂದೆ ಏನು ಬರೆದಿದ್ದರು, ಯಾರಿಗೂ ನೆನಪಿಲ್ಲ.

ಅದಕ್ಕೇ ಈ ಲೇಖನದಲ್ಲಿ ಕಾರ್ಡನ್ನೂ ಸ್ಟಾಂಪನ್ನೂ ಬೇರೆ ಮಾಡದೆ ಹೇಳುತ್ತೇನೆ. ಚಿತ್ರ, ಬರಹ, ಸ್ಟಾಂಪು, ಅದರ ಮೇಲೆ ಬಿದ್ದ ಸೀಲು ನಾಲ್ಕೂ ಒಟ್ಟಿಗೆ ಇದ್ದರೆ ಮಾತ್ರ ಅದು ಒಂದು ಊರಿನಿಂದ ಇನ್ನೊಂದು ಊರಿಗೆ ಬಂದ ಕಾರ್ಡು.

ಬರಬೇಕಾದರೆ ಮೊದಲು ಕಳಿಸಬೇಕು

ತುಮಕೂರಿನಲ್ಲಿ ಈಗ ಹತ್ತು ಮನೆ ನೋಡಿದರೆ ಒಂದೆರಡು ಮನೆಯ ಮಕ್ಕಳಾದರೂ ಹೊರದೇಶದಲ್ಲಿ ಇರುತ್ತಾರೆ. ಅಲ್ಲಿಂದ ಶುರು ಮಾಡಿ. ಊರಿಗೆ ಬರುವಾಗ ಚಾಕೊಲೇಟ್ ತರುವುದು ಬೇಡ, ಒಂದು ಕಾರ್ಡು ಬರೆದು ಅಲ್ಲಿನ ಡಬ್ಬಿಗೆ ಹಾಕಿ ಅಂತ ಕೇಳಿ. ‘ಅಲ್ಲಿನ ಡಬ್ಬಿಗೆ’ ಅನ್ನುವುದನ್ನು ಒತ್ತಿ ಹೇಳಿ. ಇಲ್ಲದಿದ್ದರೆ ಏರ್‌ಪೋರ್ಟಿನಲ್ಲಿ ಕೊಂಡ ಖಾಲಿ ಕಾರ್ಡನ್ನು ಸೂಟ್‌ಕೇಸಿನಲ್ಲಿ ತಂದುಕೊಡುತ್ತಾರೆ. ಪ್ರೀತಿಯಿಂದ ತಂದದ್ದೇ, ಇಟ್ಟುಕೊಳ್ಳಿ. ಆದರೆ ಸೀಲು ಬಿದ್ದು, ಮೂಲೆ ಸವೆದು, ಪೋಸ್ಟ್‌ಮ್ಯಾನ್ ಕೈಯಿಂದ ಬಂದ ಕಾರ್ಡಿನ ತೂಕವೇ ಬೇರೆ.

ನೆಂಟರು ಯಾರೂ ಇಲ್ಲವೇ? ಪೋಸ್ಟ್‌ಕ್ರಾಸಿಂಗ್ ಇದೆ, ಗುರುತಿಲ್ಲದವರ ನಡುವೆ ಕಾರ್ಡು ವಿನಿಮಯ ಮಾಡಿಸುವ ವೆಬ್‌ಸೈಟು. ಪೋರ್ಚುಗಲ್‌ನ ಪಾವ್ಲೊ ಮಗಾಲ್ಯಾಯೆಸ್ ಎಂಬ ವಿದ್ಯಾರ್ಥಿ 2005ರ ಜುಲೈ 14ರಂದು ಇದನ್ನು ಶುರು ಮಾಡಿದರು. ಸೇರುವುದಕ್ಕೆ ದುಡ್ಡಿಲ್ಲ. ಹೆಸರು ನೋಂದಾಯಿಸಿ ವಿಳಾಸ ಕೇಳಿದರೆ ಯಾವುದೋ ದೇಶದ ಯಾರದೋ ವಿಳಾಸ ಕೊಡುತ್ತಾರೆ. ಜೊತೆಗೆ ಒಂದು ಗುರುತಿನ ಸಂಖ್ಯೆ. ನಮ್ಮ ದೇಶದ ಕಾರ್ಡುಗಳ ಸಂಖ್ಯೆ ‘ಐಎನ್’ ಅಂತ ಶುರುವಾಗುತ್ತದೆ. ಆ ಸಂಖ್ಯೆಯನ್ನು ಕಾರ್ಡಿನ ಮೇಲೆ ಬರೆದು ಕಳಿಸಬೇಕು. ತಲುಪಿದವರು ಅದನ್ನು ನಮೂದಿಸಿದ ಮೇಲೆ ನಿಮ್ಮ ವಿಳಾಸ ಇನ್ಯಾರಿಗೋ ಹೋಗುತ್ತದೆ. ನೀವು ಜಪಾನಿಗೆ ಕಳಿಸಿದರೆ ನಿಮಗೆ ಬರುವುದು ಪೋಲೆಂಡಿನಿಂದ ಇರಬಹುದು. ಶುರುವಿನಲ್ಲಿ ಒಂದು ಸಲಕ್ಕೆ ಐದು ಕಾರ್ಡು ಮಾತ್ರ ಕಳಿಸಬಹುದು. ಕಳಿಸುತ್ತಾ ಹೋದಂತೆ ಮಿತಿ ಹೆಚ್ಚುತ್ತದೆ. ಸಂಖ್ಯೆಯನ್ನು ಎರಡು ಕಡೆ ಬರೆಯಿರಿ, ಒಂದು ಕಡೆ ಸೀಲು ಬಿದ್ದು ಮುಚ್ಚಿಹೋದರೂ ಇನ್ನೊಂದು ಓದಲು ಸಿಗುತ್ತದೆ. ಮಕ್ಕಳು ಮಾಡುವುದಾದರೆ ಅಪ್ಪ ಅಮ್ಮ ಪಕ್ಕದಲ್ಲಿ ಕೂತು ಮಾಡಿಸಲಿ. ಮನೆಯ ವಿಳಾಸ ಕೊಡುವ ವಿಷಯ ಅಲ್ವಾ?

ಮೂರನೆಯ ದಾರಿ ಹಳೆಯದು, ನನಗೆ ತುಂಬಾ ಇಷ್ಟವಾದದ್ದು. ದೂರದೇಶದ ಕೇಂದ್ರಗಳನ್ನೂ ಹಿಡಿಯುವ ಶಾರ್ಟ್‌ವೇವ್ ರೇಡಿಯೊ. ಮಾಸ್ಕೋ, ಜರ್ಮನಿಯ ಡಾಯ್ಚ ವೆಲ್ಲೆ, ರೇಡಿಯೊ ನೆದರ್‌ಲ್ಯಾಂಡ್ಸ್ ಕೇಳಿ ಪತ್ರ ಬರೆದವರಿಗೆ ಆ ಕೇಂದ್ರಗಳು ಚಂದದ ಕಾರ್ಡು ಕಳಿಸುತ್ತಿದ್ದವು. ಅದಕ್ಕೆ ಕ್ಯೂಎಸ್‌ಎಲ್ ಕಾರ್ಡು ಅಂತ ಹೆಸರು, ‘ನೀವು ಕೇಳಿದ್ದು ನಮ್ಮನ್ನೇ, ಸರಿ’ ಎಂಬ ರಸೀದಿ. ಎಷ್ಟೋ ಕೇಂದ್ರಗಳು ಈಗ ಮುಚ್ಚಿವೆ. ನೆದರ್‌ಲ್ಯಾಂಡ್ಸ್‌ನದು 2012ರಲ್ಲಿ ನಿಂತಿತು. ಆದರೂ ರೇಡಿಯೊ ರೊಮೇನಿಯಾ ಇಂಟರ್‌ನ್ಯಾಷನಲ್, ಜಪಾನಿನ ಎನ್‌ಎಚ್‌ಕೆ ಮುಂತಾದವು ಶಾರ್ಟ್‌ವೇವ್‌ನಲ್ಲಿ ಇನ್ನೂ ಮಾತಾಡುತ್ತಿವೆ. ಮನೆಯ ಅಟ್ಟದಲ್ಲಿ ಹಳೆಯ ರೇಡಿಯೊ ಇದ್ದರೆ ಇಳಿಸಿ. ಪೇಟೆಯ ಮಧ್ಯೆ ಇನ್‌ವರ್ಟರ್, ಎಲ್‌ಇಡಿ ಬಲ್ಬುಗಳ ಗರಗರ ಜಾಸ್ತಿ. ರಾತ್ರಿ ತೋಟದ ಮನೆಯಲ್ಲಿ ಕೂತು ತಿರುಗಿಸಿದರೆ ಚೆನ್ನಾಗಿ ಹಿಡಿಯುತ್ತದೆ.

ಕೇಳಿದ ಮೇಲೆ ಒಂದು ವರದಿ ಬರೆಯಬೇಕು. ತಾರೀಖು, ಎಷ್ಟು ಕಿಲೋಹರ್ಟ್ಸ್‌ನಲ್ಲಿ ಕೇಳಿದಿರಿ, ಕಾರ್ಯಕ್ರಮದಲ್ಲಿ ಏನೇನು ಬಂತು ಎಂಬ ಮೂರು ನಾಲ್ಕು ವಿವರ. ಸಮಯವನ್ನು ನಮ್ಮ ಗಡಿಯಾರದ ಪ್ರಕಾರ ಬರೆಯಬೇಡಿ, ಯುಟಿಸಿಯಲ್ಲಿ, ಅಂದರೆ ಎಲ್ಲ ದೇಶಕ್ಕೂ ಒಂದೇ ಆದ ವಿಶ್ವ ಸಮಯದಲ್ಲಿ ಬರೆಯಿರಿ. ನಮ್ಮ ಸಮಯದಲ್ಲಿ ಐದೂವರೆ ಗಂಟೆ ಕಳೆದರೆ ಆಯಿತು. ರಾತ್ರಿ ಎಂಟೂವರೆ ಅಂದರೆ 15:00 ಯುಟಿಸಿ. ಕೊನೆಗೆ ಸಿನ್ಪೊ ಅಂಕ ಹಾಕಿ. ಸಿಗ್ನಲ್ ಬಲ, ಬೇರೆ ಕೇಂದ್ರದ ಅಡ್ಡಿ, ಗದ್ದಲ, ಏರಿಳಿತ, ಒಟ್ಟಾರೆ ಹೇಗಿತ್ತು ಎಂಬ ಐದಕ್ಕೂ 1ರಿಂದ 5ರವರೆಗೆ ಅಂಕ. 5 ಅಂದರೆ ಬಲು ಚೆನ್ನ. ಸುಮ್ನೆ ಎಲ್ಲದಕ್ಕೂ 5 ಹಾಕಬೇಡಿ. ತಮ್ಮ ದನಿ ತುಮಕೂರಿನಲ್ಲಿ ನಿಜವಾಗಿ ಹೇಗೆ ಕೇಳಿಸುತ್ತದೆ ಎಂದು ತಿಳಿಯುವುದಕ್ಕೇ ಅವರು ಈ ವರದಿ ಕೇಳುವುದು. ಕೆಲವು ಕೇಂದ್ರಗಳು ಕಾರ್ಡನ್ನು ಇ-ಮೇಲಿನಲ್ಲೇ ಕಳಿಸುತ್ತವೆ. ಅಂಚೆಯಲ್ಲಿ ಬೇಕು ಅಂತ ವರದಿಯಲ್ಲೇ ಕೇಳಿಕೊಳ್ಳಿ.

ಕಳಿಸುವ ಕಾರ್ಡು

ತುಮಕೂರಿನಲ್ಲಿ ನಮ್ಮೂರ ಚಿತ್ರದ ಕಾರ್ಡು ಕೊಳ್ಳಲು ಸಿಗುವುದು ಕಷ್ಟ. ನಾನೇ ಮಾಡಿಕೊಳ್ಳುತ್ತೇನೆ. ಫೋಟೋ ಸ್ಟುಡಿಯೊದಲ್ಲಿ 4×6 ಇಂಚಿನ ಮ್ಯಾಟ್ ಪ್ರಿಂಟ್ ಹಾಕಿಸಿ, ಅದೇ ಅಳತೆಯ ದಪ್ಪ ಬಿಳಿ ರಟ್ಟಿಗೆ ಗ್ಲೂ ಸ್ಟಿಕ್‌ನಿಂದ ಅಂಟಿಸಿ, ಒಂದು ರಾತ್ರಿ ನಿಘಂಟಿನ ಕೆಳಗೆ ಇಟ್ಟರೆ ಕಾರ್ಡು ತಯಾರು. ಅಂತಾರಾಷ್ಟ್ರೀಯ ಅಂಚೆಯಲ್ಲಿ ಕಾರ್ಡು ಕನಿಷ್ಠ 9×14 ಸೆಂಟಿಮೀಟರ್, ಗರಿಷ್ಠ 12×23.5 ಸೆಂಟಿಮೀಟರ್ ಇರಬೇಕು. 4×6 ಇಂಚು ಇದರೊಳಗೆ ಸರಿಯಾಗಿ ಕೂರುತ್ತದೆ.

ಯಾವ ಚಿತ್ರ ಹಾಕುವುದು? ತಾಜ್‌ಮಹಲ್ ಬಿಡಿ, ಅದು ಅವರಿಗೆ ಗೊತ್ತು. ಶಿರಾ ಕಡೆಯ ಕಗ್ಗಲಡು ಗ್ರಾಮದಲ್ಲಿ ಮನೆಗಳ ಪಕ್ಕದ ಹುಣಸೆಮರಗಳ ಮೇಲೆಯೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮಧುಗಿರಿಯ ಏಕಶಿಲಾ ಬೆಟ್ಟ ಇದೆ. ತಿಪಟೂರಿನ ಕೊಬ್ಬರಿ ಇದೆ. ಪಾವಗಡದ ಬಯಲಲ್ಲಿ ಕಣ್ಣು ಹಾಯುವವರೆಗೂ ಸೋಲಾರ್ ಫಲಕಗಳಿವೆ. ಕೋಲಾರದವರಾದರೆ ಅಂತರಗಂಗೆ, ಚಿಕ್ಕಬಳ್ಳಾಪುರದವರಾದರೆ ನಂದಿಬೆಟ್ಟ. ನಾನು ಅತಿ ಹೆಚ್ಚು ಕಳಿಸಿರುವುದು ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಚಿತ್ರ. ಹಬೆ ಏಳುತ್ತಿರುವ ಇಡ್ಲಿ, ಮೇಲೆ ಬೆಣ್ಣೆ. ಇದು ಅಕ್ಕಿಯದೋ ಹಾಲಿನದೋ ಅಂತ ಮರುಪತ್ರದಲ್ಲಿ ಕೇಳಿದವರಿದ್ದಾರೆ.

ಬರೆಯುವಾಗ ‘ಹೇಗಿದ್ದೀರಿ, ನಾನು ಚೆನ್ನಾಗಿದ್ದೇನೆ’ ಅಂತ ಜಾಗ ತುಂಬಿಸಬೇಡಿ. ಆ ದಿನದ ಒಂದು ವಿಷಯ ಬರೆಯಿರಿ. ಇವತ್ತು ಮನೆಯಲ್ಲಿ ಹುಣಸೆಹಣ್ಣು ಬಡಿದೆವು, ಕರೆಂಟು ಹೋಗಿದೆ, ಮೇಣದ ಬತ್ತಿ ಹಚ್ಚಿ ಬರೆಯುತ್ತಿದ್ದೇನೆ. ಇಷ್ಟು ಸಾಕು. ಅವರ ಹೆಸರನ್ನು ಕನ್ನಡ ಅಕ್ಷರದಲ್ಲೂ ಒಂದು ಸಲ ಬರೆದುಕೊಡಿ. ತುಂಬಾ ಖುಷಿಪಡುತ್ತಾರೆ.

ವಿಳಾಸ ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಬಾಲ್‌ಪೆನ್ನಿನಲ್ಲಿ ಬರೆಯಿರಿ. ಇಂಕ್ ಪೆನ್ನು ಮಳೆ ಹನಿಗೆ ಹರಡುತ್ತದೆ. ದೇಶದ ಹೆಸರು ಕೊನೆಯ ಸಾಲಿನಲ್ಲಿ ಒಂಟಿಯಾಗಿರಲಿ. ‘ಏರ್‌ಮೇಲ್’ ಅಂತ ಬರೆದು ಪಕ್ಕದಲ್ಲಿ ‘ಪಾರ್ ಆವಿಯೋಂ’ ಅಂತಲೂ ಬರೆಯುತ್ತಾರೆ. ಅದು ಫ್ರೆಂಚ್. 1874ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬರ್ನ್‌ನಲ್ಲಿ ಹುಟ್ಟಿದ ವಿಶ್ವ ಅಂಚೆ ಒಕ್ಕೂಟದ ಅಧಿಕೃತ ಭಾಷೆ ಫ್ರೆಂಚ್, ಹಾಗಾಗಿ. ಭಾರತ ಆ ಒಕ್ಕೂಟ ಸೇರಿದ್ದು 1876ರಲ್ಲಿ. ಒಂದು ದೇಶದ ಸ್ಟಾಂಪು ಹಚ್ಚಿದ ಕಾರ್ಡನ್ನು ಇನ್ನೊಂದು ದೇಶದ ಪೋಸ್ಟ್‌ಮ್ಯಾನ್ ಮತ್ತೆ ದುಡ್ಡು ಕೇಳದೆ ಮನೆಗೆ ಮುಟ್ಟಿಸುತ್ತಾರಲ್ಲ, ಅದು ಈ ಒಕ್ಕೂಟದ ಒಪ್ಪಂದದಿಂದ.

ನಿಮ್ಮ ವಿಳಾಸವನ್ನೂ ಸರಿಯಾಗಿ ಕೊಡಿ. ಹಳ್ಳಿಯಾದರೆ ಅಂಚೆ, ತಾಲ್ಲೂಕು, ಜಿಲ್ಲೆ, ಪಿನ್‌ಕೋಡ್ ನಾಲ್ಕೂ ಇರಲಿ. ತುಮಕೂರು ಪೇಟೆಯ ಪ್ರಧಾನ ಅಂಚೆ ಕಚೇರಿಯ ಪಿನ್ 572101. ಮೊಬೈಲ್ ನಂಬರ್ ಕಾರ್ಡಿನ ಮೇಲೆ ಬೇಡ, ತೆರೆದ ಕಾಗದವನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ನಮ್ಮೂರ ಹೆಸರಿನ ಇಂಗ್ಲಿಷ್ ಬರಹ 2014ರ ನವೆಂಬರ್ 1ರಿಂದ ‘ತುಮಕೂರು’ ಅಂತಾಗಿದೆ. ಹಳೆಯ ‘ತುಮ್ಕೂರ್’ ಬರೆದ ಕಾರ್ಡೂ ಪಿನ್ ಸರಿ ಇದ್ದರೆ ಬರುತ್ತದೆ. ಎರಡೂ ಥರದವು ನನ್ನ ಹತ್ತಿರ ಇವೆ, ಪಕ್ಕಪಕ್ಕ ಇಟ್ಟಿದ್ದೇನೆ.

ಸ್ಟಾಂಪು ಕೌಂಟರಿನಲ್ಲೇ ಕೇಳಿ ಹಚ್ಚಿ. ಹೊರದೇಶದ ಕಾರ್ಡಿನ ದರ ಆಗಾಗ ಬದಲಾಗುತ್ತದೆ, ಕಳೆದ ವರ್ಷದ ಲೆಕ್ಕ ನಂಬಿ ಕಡಿಮೆ ಹಚ್ಚಿದರೆ ಕಾರ್ಡು ವಾಪಸ್ ಬರಬಹುದು. ದಿನಬಳಕೆಯ ಸ್ಟಾಂಪಿನ ಬದಲು ‘ಸ್ಮರಣಾರ್ಥದ್ದು ಇದ್ದರೆ ಕೊಡಿ ಮೇಡಂ’ ಅಂತ ಕೇಳಿ. ‘ಸೀಲು ಸ್ವಲ್ಪ ಸ್ಪಷ್ಟವಾಗಿ ಬೀಳಲಿ ಸಾರ್’ ಅಂತಲೂ ಕೇಳಿ. ಜನ ಕಡಿಮೆ ಇರುವ ಹೊತ್ತಿಗೆ ಹೋಗಿ ಕೇಳಿದರೆ ಯಾರೂ ಬೇಡ ಅಂದಿಲ್ಲ.

ಸ್ಟಾಂಪು ಕೂಡಿಸುವ ಗೆಳೆಯರು ಹೊರದೇಶದಲ್ಲಿ ಸಿಕ್ಕರೆ ನಮ್ಮ ಕಡೆಯ ಎರಡು ಸ್ಟಾಂಪು ಹುಡುಕಿ ಕಳಿಸಿ. ಒಂದು, 2006ರಲ್ಲಿ ಬಂದ ಶ್ರೀಗಂಧದ ಪರಿಮಳದ ಸ್ಟಾಂಪು. ಇನ್ನೊಂದು, 1960ರ ವಿಶ್ವೇಶ್ವರಯ್ಯನವರ ಸ್ಟಾಂಪು. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ತೀರಿಕೊಂಡದ್ದು 1962ರಲ್ಲಿ. ಬದುಕಿದ್ದಾಗಲೇ ಭಾರತದ ಸ್ಟಾಂಪಿನ ಮೇಲೆ ಬಂದವರು ತೀರಾ ಕಡಿಮೆ ಜನ. ಚಿಕ್ಕಬಳ್ಳಾಪುರದವರು ಹೆಮ್ಮೆಯಿಂದ ಕಳಿಸಬಹುದು.

ಲಕೋಟೆಯ ಸ್ಟಾಂಪು ಬಿಡಿಸುವುದು

ಕಾರ್ಡಿನದನ್ನು ಬಿಡಿಸಬಾರದು ಅಂದೆ. ಲಕೋಟೆಯದನ್ನೂ ಸುಮ್ನೆ ಬಿಡಿಸಬೇಡಿ. ಕೈಬರಹದ ವಿಳಾಸ, ಸ್ಪಷ್ಟವಾದ ಸೀಲು ಇದ್ದರೆ ಲಕೋಟೆಯನ್ನೇ ಇಟ್ಟುಕೊಳ್ಳಿ. ಕಂಪನಿ, ಬ್ಯಾಂಕಿನಿಂದ ಬಂದ ಮಾಮೂಲಿ ಲಕೋಟೆಯಾದರೆ ಬಿಡಿಸಬಹುದು.

ಮೊದಲು ಸ್ಟಾಂಪಿನ ಸುತ್ತ ಒಂದು ಬೆರಳಗಲ ಕಾಗದ ಬಿಟ್ಟು ಕತ್ತರಿಸಿ. ಹಲ್ಲಿಗೆ ಕತ್ತರಿ ತಾಗಬಾರದು. ಹಲ್ಲು ಅಂದರೆ ಅಂಚಿನ ತೂತುಗಳಿಂದಾದ ಕಚ್ಚು. ಒಂದು ಹಲ್ಲು ಹೋದರೂ ಸ್ಟಾಂಪಿನ ಬೆಲೆ ಇಳಿಯುತ್ತದೆ. ಕೆಂಪು, ಹಸಿರು ಬಣ್ಣದ ಲಕೋಟೆಯ ತುಂಡುಗಳನ್ನು ಬೇರೆ ಇಡಿ. ಅವು ಬಣ್ಣ ಬಿಟ್ಟು ಜೊತೆಯಲ್ಲಿದ್ದ ಎಲ್ಲ ಸ್ಟಾಂಪನ್ನೂ ಕೆಡಿಸುತ್ತವೆ.

ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ. ಸೋಪು, ಉಪ್ಪು ಏನೂ ಬೇಡ. ಚಿತ್ರದ ಮುಖ ಮೇಲೆ ಮಾಡಿ ತೇಲಿಬಿಡಿ. ಹದಿನೈದು ಇಪ್ಪತ್ತು ನಿಮಿಷ ಅದರ ಪಾಡಿಗೆ ಬಿಟ್ಟುಬಿಡಿ. ಅಂಟು ಕರಗಿದಾಗ ಸ್ಟಾಂಪು ತಾನಾಗೇ ಜಾರಿ ಬರುತ್ತದೆ. ಬೆರಳಿನಿಂದ ಎಳೆಯಬೇಕಾಗಿ ಬಂದರೆ ಇನ್ನೂ ಹೊತ್ತಾಗಿಲ್ಲ ಅಂತ ಅರ್ಥ. ಬಂದ ಮೇಲೆ ಹಿಂಭಾಗವನ್ನು ಮುಟ್ಟಿ ನೋಡಿ. ಲೋಳೆ ಲೋಳೆ ಅನ್ನಿಸಿದರೆ ಅಂಟು ಉಳಿದಿದೆ, ಬೇರೆ ನೀರಿನಲ್ಲಿ ಇನ್ನೊಮ್ಮೆ ಬಿಡಿ.

ಆಮೇಲೆ ಬಿಳಿ ಕಾಗದದ ಮೇಲೆ ಮುಖ ಕೆಳಗೆ ಮಾಡಿ ಹರಡಿ. ಸಂಡಿಗೆ ಹರಡಿದ ಹಾಗೆ ಒಂದಕ್ಕೊಂದು ತಾಗದಂತೆ. ಆದರೆ ಸಂಡಿಗೆಯ ಥರ ಬಿಸಿಲಿಗೆ ಬೇಡ, ನೆರಳಲ್ಲೇ ಒಣಗಲಿ. ನ್ಯೂಸ್‌ಪೇಪರ್ ಬೇಡ, ಅದರ ಮಸಿ ಸ್ಟಾಂಪಿಗೆ ಹತ್ತುತ್ತದೆ. ಒಣಗಿದಾಗ ಸುರುಳಿ ಸುತ್ತಿಕೊಂಡರೆ ಗಾಬರಿ ಬೇಡ, ದಪ್ಪ ಪುಸ್ತಕದ ನಡುವೆ ಎರಡು ದಿನ ಇಟ್ಟರೆ ಸಪಾಟಾಗುತ್ತದೆ.

ಈಗಿನ ಸ್ಟಿಕರ್ ಥರದ ಸ್ಟಾಂಪುಗಳಿಗೆ ಈ ಉಪಾಯ ನಡೆಯುವುದಿಲ್ಲ. ಅಮೆರಿಕದ ಈಚಿನ ಸ್ಟಾಂಪುಗಳು ಎಷ್ಟು ಹೊತ್ತು ನೆನೆದರೂ ಬಿಡುವುದಿಲ್ಲ, ಕೊನೆಗೆ ಹರಿಯುತ್ತವೆ. ಅವನ್ನು ಕಾಗದದ ಅಂಚು ಸಮೇತ ಇಟ್ಟುಕೊಳ್ಳಿ.

ಯಾವ ದೇಶದ್ದು?

ಎಲ್ಲ ಸ್ಟಾಂಪಿನ ಮೇಲೂ ನಮಗೆ ಗೊತ್ತಿರುವ ಹೆಸರು ಇರುವುದಿಲ್ಲ. ‘ಹೆಲ್ವೆಟಿಯಾ’ ಅಂತ ಇದ್ದರೆ ಸ್ವಿಟ್ಜರ್‌ಲ್ಯಾಂಡ್. ಅಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್ ನಾಲ್ಕು ಭಾಷೆ ಇವೆ, ಯಾರಿಗೂ ಬೇಸರವಾಗದಂತೆ ಲ್ಯಾಟಿನ್ ಹೆಸರು ಇಟ್ಟುಕೊಂಡಿದ್ದಾರೆ. ‘ಮಾಗ್ಯಾರ್’ ಅಂದರೆ ಹಂಗೇರಿ, ‘ಸುವೊಮಿ’ ಫಿನ್‌ಲ್ಯಾಂಡ್, ‘ನಿಪ್ಪೊನ್’ ಜಪಾನ್, ‘ಹ್ರ್ವಾಟ್ಸ್ಕಾ’ ಕ್ರೊಯೇಷಿಯಾ, ‘ನೊರ್ಗೆ’ ನಾರ್ವೆ, ‘ಎಸ್ಟಿ’ ಎಸ್ಟೋನಿಯಾ. ಇಂಗ್ಲಿಷಿನ ಸಿ ಸಿ ಸಿ ಪಿ ಥರ ಕಾಣುವ ನಾಲ್ಕು ಅಕ್ಷರ ನಿಜವಾಗಿ ರಷ್ಯನ್ನಿನ ಎಸ್ ಎಸ್ ಎಸ್ ಆರ್, ಅಂದರೆ ಸೋವಿಯತ್ ಒಕ್ಕೂಟ. ದೇಶದ ಹೆಸರೇ ಇಲ್ಲದೆ ಒಂದು ಮೂಲೆಯಲ್ಲಿ ರಾಜ ಅಥವಾ ರಾಣಿಯ ತಲೆ ಇದ್ದರೆ ಬ್ರಿಟನ್. 1840ರಲ್ಲಿ ಮೊದಲ ಸ್ಟಾಂಪು ‘ಪೆನ್ನಿ ಬ್ಲ್ಯಾಕ್’ ತಂದವರು ಅವರು. ಆಗ ಬೇರೆ ಯಾವ ದೇಶಕ್ಕೂ ಸ್ಟಾಂಪು ಇರಲಿಲ್ಲ, ಹೆಸರು ಹಾಕುವ ಅಗತ್ಯವೂ ಇರಲಿಲ್ಲ. ಆ ರೂಢಿ ಈಗಲೂ ಉಳಿದಿದೆ.

ಹಳೆಯ ಪೆಟ್ಟಿಗೆಯಲ್ಲಿ ಚೆಕೊಸ್ಲೊವಾಕಿಯಾ, ಪೂರ್ವ ಜರ್ಮನಿ, ಯುಗೊಸ್ಲಾವಿಯಾದ ಸ್ಟಾಂಪು ಸಿಕ್ಕರೆ ಜೋಪಾನ ಮಾಡಿ. ಆ ದೇಶಗಳು ಈಗ ಭೂಪಟದಲ್ಲಿ ಇಲ್ಲ. ಮಕ್ಕಳಿಗೆ ಚರಿತ್ರೆ ಹೇಳಲು ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ಇಟ್ಟುಕೊಳ್ಳುವ ರೀತಿ

ಲ್ಯಾಮಿನೇಷನ್ ಬೇಡ. ಜೆರಾಕ್ಸ್ ಅಂಗಡಿಯಲ್ಲಿ ‘ಹಾಕಿಸಿಬಿಡಿ, ಕೆಡಲ್ಲ’ ಅನ್ನುತ್ತಾರೆ. ಒಮ್ಮೆ ಹಾಕಿದರೆ ಮುಗಿಯಿತು, ಮತ್ತೆ ತೆಗೆಯಲಾಗದು. ಸೆಲ್ಲೊಟೇಪು ಬೇಡ, ಕೆಲವು ವರ್ಷಕ್ಕೆ ಹಳದಿ ಕಲೆ ಬಿಡುತ್ತದೆ. ಗೋಂದು, ಅನ್ನದ ಅಗುಳು ಬೇಡ, ಜಿರಲೆ ಬರುತ್ತದೆ. ವಾಸನೆ ಬರುವ ಮೆತ್ತನೆಯ ಪಿವಿಸಿ ಕವರ್ ಬೇಡ, ಬೇಸಿಗೆಯಲ್ಲಿ ಜಿಡ್ಡಾಗಿ ಕಾರ್ಡಿಗೆ ಅಂಟುತ್ತದೆ.

ಏನು ಬೇಕು ಅಂದರೆ, ಸ್ಟಾಂಪಿಗೆ ಒಂದು ಸ್ಟಾಕ್‌ಬುಕ್ (ಅಂಟಿಸದೆ ಪಟ್ಟಿಗಳಲ್ಲಿ ಸಿಕ್ಕಿಸಿಡುವ ಪುಸ್ತಕ), ತುದಿ ಚಪ್ಪಟೆಯಾದ ಒಂದು ಚಿಮಟ, ಒಂದು ಭೂತಗನ್ನಡಿ. ಕಾರ್ಡಿಗೆ ಪಾಲಿಪ್ರೊಪಿಲೀನ್ ಕವರಿನ ಆಲ್ಬಂ. ಅದು ದುಬಾರಿ ಅನ್ನಿಸಿದರೆ ಕಾರ್ಡುಗಳನ್ನು ಒಂದೊಂದು ಬಿಳಿ ಕಾಗದದ ನಡುವೆ ಇಟ್ಟು ನಿಲ್ಲಿಸಿದ ಡಬ್ಬಿ ಸಾಕು. ಬೀರುವಿನ ಮಧ್ಯದ ಅರೆಯಲ್ಲಿಡಿ, ಗೋಡೆಗೆ ತಾಗಿಸಬೇಡಿ. ಔಷಧಿ ಬಾಟಲಿಯ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ. ತಿಂಗಳಿಗೊಮ್ಮೆ ತೆಗೆದು ಗಾಳಿಯಾಡಿಸಿ.

ಎರಡು ವರ್ಷದ ಕೆಳಗೆ ಆಷಾಢದ ಮಳೆಯಲ್ಲಿ ಗೇಟಿನ ಸಂದಿಯಲ್ಲಿ ಸಿಕ್ಕಿಸಿದ್ದ ಕಾರ್ಡೊಂದು ನೆನೆದು ಮುದ್ದೆಯಾಗಿತ್ತು. ಹೇರ್‌ ಡ್ರೈಯರ್ ಹಿಡಿಯದೆ ಎರಡು ಬಿಳಿ ಕಾಗದದ ನಡುವೆ ಇಟ್ಟು, ಗಂಟೆಗೊಮ್ಮೆ ಕಾಗದ ಬದಲಿಸಿ, ಕೊನೆಗೆ ಪುಸ್ತಕದ ಭಾರ ಇಟ್ಟೆ. ಬರಹ ಅರ್ಧ ಹರಡಿದೆ, ಕಾರ್ಡು ಉಳಿದಿದೆ. ಮಾರನೆಯ ದಿನವೇ ಗೇಟಿಗೆ ಮುಚ್ಚಳದ ಡಬ್ಬಿ ಹಾಕಿಸಿದೆ. ನೀವು ಮೊದಲೇ ಹಾಕಿಸಿ.

ಮಕ್ಕಳಿರುವ ಮನೆಯವರಿಗೆ ಒಂದು ವಿಷಯ. ಅಂಚೆ ಇಲಾಖೆ 2017ರಲ್ಲಿ ‘ದೀನ್ ದಯಾಳ್ ಸ್ಪರ್ಶ್’ ಎಂಬ ವಿದ್ಯಾರ್ಥಿವೇತನ ಶುರು ಮಾಡಿದೆ. 6ರಿಂದ 9ನೇ ತರಗತಿಯವರಿಗೆ ವರ್ಷಕ್ಕೆ 6,000 ರೂಪಾಯಿ. ಶಾಲೆಯಲ್ಲಿ ಫಿಲಾಟೆಲಿ, ಅಂದರೆ ಸ್ಟಾಂಪು ಸಂಗ್ರಹದ ಕ್ಲಬ್ ಇರಬೇಕು, ಇಲ್ಲವೇ ಮಗುವಿನ ಹೆಸರಿನಲ್ಲಿ ಫಿಲಾಟೆಲಿ ಠೇವಣಿ ಖಾತೆ ಇರಬೇಕು. ಖಾತೆ 200 ರೂಪಾಯಿಯಿಂದ ಶುರು. ಹೊಸ ಸ್ಟಾಂಪುಗಳು ಮನೆಗೇ ಬರುತ್ತವೆ. ಪ್ರಧಾನ ಅಂಚೆ ಕಚೇರಿಯಲ್ಲಿ ವಿಚಾರಿಸಿ. ಬೆಂಗಳೂರಿಗೆ ಹೋದಾಗ ಜಿಪಿಒದ ಫಿಲಾಟೆಲಿ ಬ್ಯೂರೊಗೂ ಒಂದು ಸಲ ಕರೆದುಕೊಂಡು ಹೋಗಿ.

ಕೊನೆಯ ಕೆಲಸ, ಒಂದು ರೂಲು ಹಾಕಿದ ನೋಟ್‌ಬುಕ್. ಕಾರ್ಡು ಬಂದ ದಿನವೇ ಅದರಲ್ಲಿ ಒಂದು ಸಾಲು ಬರೆಯಬೇಕು. ದೇಶ, ಊರು, ಸೀಲಿನ ತಾರೀಖು, ಕೈಗೆ ಬಂದ ತಾರೀಖು, ನಡುವಿನ ದಿನ, ಸ್ಟಾಂಪಿನ ಚಿತ್ರ, ಅವರು ಬರೆದದ್ದರಲ್ಲಿ ಒಂದು ಮಾತು. ಕಾರ್ಡು ಮಾಸಿದರೂ ಈ ಸಾಲು ಇರುತ್ತದೆ. ನನ್ನ ಪುಸ್ತಕದ ಇತ್ತೀಚಿನ ಸಾಲು ಹೀಗಿದೆ: ಫಿನ್‌ಲ್ಯಾಂಡ್, ಔಲು. ಸೀಲು ಜನವರಿ 14, ಬಂದದ್ದು ಫೆಬ್ರವರಿ 9, 26 ದಿನ. ಸ್ಟಾಂಪಿನಲ್ಲಿ ನೀಲಿ ಹಣ್ಣು. ಹಿಮ ಕಿಟಕಿಯವರೆಗೆ ಬಂದಿದೆಯಂತೆ, ಬಾಗಿಲು ತೆಗೆಯಲು ಸಲಿಕೆ ಬೇಕಂತೆ.